ತೂಕಕ್ಕೆ ಸಿಗದವು

ರಾಯಚೂರಿನಲ್ಲಿ ಗಾಳಿ ಕಣ್ಣಿಗೆ ಕಾಣುತ್ತದೆ. ಬೇರೆ ಊರಿನವರಿಗೆ ಗಾಳಿ ಬಂತೆಂದು ತಿಳಿಯಲು ಎಲೆ ಅಲುಗಬೇಕು, ಒಣಹಾಕಿದ ಸೀರೆ ಹಾರಬೇಕು. ನಮಗೆ ಆ ತಾಪತ್ರಯವಿಲ್ಲ. ತೀನ್ ಕಂದೀಲಿನ ಆ ತುದಿಯಲ್ಲಿ ಅದು ಎದ್ದಾಗಲೇ ಈ ತುದಿಯವರಿಗೆ ಸುದ್ದಿ ಮುಟ್ಟಿರುತ್ತದೆ. ಮಿರ್ಚಿ ಬಂಡಿಯವನು ಬುಟ್ಟಿಗೆ ಪೇಪರ್ ಹೊದಿಸುತ್ತಾನೆ, ಹೆಣ್ಣುಮಕ್ಕಳು ಸೆರಗು ಮೂಗಿಗೆ ಹಿಡಿಯುತ್ತಾರೆ, ಗಂಡಸರು ದಸ್ತಿ ತೆಗೆಯುತ್ತಾರೆ, ದಸ್ತಿ ಮರೆತು ಬಂದವರು ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಅದು ದಾಟಿಹೋದ ಮೇಲೆ ಬಾಯೊಳಗೆ ಉಳಿದದ್ದನ್ನು ಉಗುಳಿ, ನಿಂತ ಮಾತನ್ನು ನಿಂತಲ್ಲಿಂದಲೇ ಹಿಡಿಯುವುದು ಇಲ್ಲಿನ ರೂಢಿ.

ರಾಜೇಂದ್ರ ಗಂಜಿನ ದಲಾಲಿ ಅಂಗಡಿಯೊಂದರಲ್ಲಿ ವಯಸ್ಸೆಲ್ಲ ಲೆಕ್ಕ ಬರೆದವನು ನಾನು. ಅಲ್ಲಿ ಕೂತವನಿಗೆ ಕ್ಯಾಲೆಂಡರ್ ಬೇಡ, ಮೂಗು ಸಾಕು. ಹತ್ತಿಯ ಕಾಲಕ್ಕೆ ಖಾತೆ ಪುಸ್ತಕದ ಮೇಲೆ ಬಿಳಿ ಎಳೆ ಕೂರುತ್ತಿತ್ತು. ದೇವದುರ್ಗದ ಕಡೆಯ ಮೆಣಸಿನಕಾಯಿ ಚೀಲ ಬಿಚ್ಚಿದರೆ ಸಾಲಿಗೆ ಸಾಲೇ ಸೀನುತ್ತಿತ್ತು. ಸಾಹುಕಾರರ ಸೀನಿಗೂ ಹಮಾಲರ ಸೀನಿಗೂ ಆ ಹೊತ್ತು ಭೇದವಿರಲಿಲ್ಲ. ಮಾನ್ವಿಯ ನೆಲ್ಲು ಬಂದರೆ ಅಂಗಿಯ ಕೊರಳಪಟ್ಟಿಯೊಳಗೆ ತುರಿಕೆ. ಇವೆಲ್ಲ ಹಂಗಾಮಿನವು. ಲಾರಿ ಎಬ್ಬಿಸುವ ಮಣ್ಣು ಮಾತ್ರ ಹನ್ನೆರಡು ತಿಂಗಳೂ ಹಾಜರು. ಅದರ ಮೇಲೆ ಶಕ್ತಿನಗರದ ವಿದ್ಯುತ್ ಕೇಂದ್ರದ ಕಡೆಯಿಂದ ಗಾಳಿ ತಿರುಗಿದ ದಿನ ಬೂದಿ ಬೇರೆ. ನಮ್ಮ ಮನೆಯಾಕೆ ದೇವರ ಫೋಟೋಗಳನ್ನು ದಿನಕ್ಕೆರಡು ಸಲ ಒರೆಸುತ್ತಾಳೆ. ಬೆಳಗಿನದು ಭಕ್ತಿಗೆ, ಸಂಜೆಯದು ಗುರುತು ಹಿಡಿಯಲಿಕ್ಕೆ.

ಇಂಥ ಕಡೆಯ ಹುಡುಗಿ ಗಾಳಿಯಲ್ಲಿನ ಕಣ ಎಣಿಸುವ ಕೆಲಸ ಹಿಡಿದು ಮಂಗಳೂರಿಗೆ ಹೊರಟಳು. ಮಾನ್ವಿಯಲ್ಲಿರುವ ನಮ್ಮಣ್ಣನ ಮಗಳು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಮೇಲೆ ಬಿ.ಇಡಿ. ಮಾಡಿ ಮಾಸ್ತರಿಣಿಯಾಗುತ್ತಾಳೆಂದು ಎಲ್ಲರೂ ನಿಶ್ಚಿಂತರಾಗಿದ್ದಾಗ ಇದನ್ನು ತೆಗೆದಳು. ಅಣ್ಣನಿಗೆ ಕೆಲಸದ ಬಗ್ಗೆ ತಕರಾರಿರಲಿಲ್ಲ, ದೂರದ ಬಗ್ಗೆ ಇತ್ತು. "ಧೂಳ ಎಣಸಾಕ ಅಷ್ಟು ದೂರ ಯಾಕ ಹೋಗಬೇಕವ್ವಾ? ನಮ್ಮ ಅಂಗಳದಾಗ ಕುರ್ಚಿ ಹಾಕ್ಕೊಂಡು ಕೂತ್ರ ಜಲ್ಮಪೂರ್ತಿ ಎಣಸಬಹುದು" ಎಂದ. ದೇವದುರ್ಗದ ನಮ್ಮ ಮಾವನವರು ವ್ಯವಹಾರಸ್ಥರು, ಅವರು ಕೇಳಿದ್ದು ಒಂದೇ ಮಾತು: "ಪಗಾರ ಎಣಿಕಿ ಮ್ಯಾಲೋ, ತೂಕದ ಮ್ಯಾಲೋ?"

ಹೋದ ಮೇಲೆ ಫೋನಿನಲ್ಲಿ ನಾನೂ ಅದೇ ಅಂಗಳದ ಮಾತು ತೆಗೆದೆ. ಅವಳು ನಗಲಿಲ್ಲ. "ಕಾಕಾ, ನಮ್ಮೂರ ಧೂಳು ಹುಟ್ಟಿದ್ದಲ್ಲ, ನೆಲದ ಮ್ಯಾಲೆ ಬಿದ್ದಿದ್ದು ಎದ್ದದ್ದು. ನಾ ನೋಡಾಕತ್ತಿರೂದು ಗಾಳಿಯೊಳಗ ಹೊಸದಾಗಿ ಹುಟ್ಟೂದನ್ನ" ಅಂದಳು. ಏನೂ ಇಲ್ಲದ ಗಾಳಿಯಲ್ಲಿ ಕಣ ಹುಟ್ಟುವುದೆಂದರೆ ಬೂದಿ ಕೊಡುವ ಬಾಬಾಗಳ ಪವಾಡದಂತೆ ಕೇಳಿಸಿತು. ಹಾಗಲ್ಲವಂತೆ. ಗಾಳಿಯಲ್ಲಿ ಆವಿಯಾಗಿ ತೇಲುವ ಕೆಲವು ಅಣುಗಳು ಒಂದಕ್ಕೊಂದು ಅಂಟಿಕೊಂಡು ಸಣ್ಣ ಗುಂಪಾಗುತ್ತವೆ. ಹೆಚ್ಚಿನ ಗುಂಪುಗಳು ಹುಟ್ಟಿದ ಕ್ಷಣದಲ್ಲೇ ಚದುರಿಹೋಗುತ್ತವೆ. ಒಂದು ಒಂದೂವರೆ ನ್ಯಾನೋಮೀಟರ್ ಗಾತ್ರದ ಗಡಿ ದಾಟಿದ ಕೆಲವು ಮಾತ್ರ ಚದುರುವುದಕ್ಕಿಂತ ಬೇಗ ಬೆಳೆಯತೊಡಗುತ್ತವೆ. ನಮ್ಮ ತಲೆಗೂದಲು ಸುಮಾರು 70,000 ನ್ಯಾನೋಮೀಟರ್ ದಪ್ಪ. ನನ್ನ ತಲೆಯ ಮೇಲೆ ಉಳಿದಿರುವ ಕೂದಲಿಗೂ ಇದೇ ಲೆಕ್ಕವೇ ಎಂದು ಕೇಳಿದೆ, ಅವಳು ಫೋನಿಟ್ಟಳು.

ಒಮ್ಮೆ ನೋಡಿಬರೋಣವೆಂದು ಚಳಿಗಾಲದಲ್ಲಿ ಮಂಗಳೂರಿಗೆ ಹೋದೆ. ಚಳಿಗಾಲ ಎನ್ನುವುದು ನಮ್ಮ ಕ್ಯಾಲೆಂಡರಿನ ಮಾತು; ಬಸ್ಸಿಳಿದಾಗಲೇ ಬನಿಯನ್ ಒದ್ದೆ. ರಾಯಚೂರಿನಲ್ಲಿ ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಿಗೂ ನಾವು ಬೆವರುವುದು ಯಾರಿಗೂ ಕಾಣುವುದಿಲ್ಲ, ಬೆವರು ಹುಟ್ಟಿದಲ್ಲೇ ಒಣಗುತ್ತದೆ. ಇಲ್ಲಿ ಒಣಗಲು ಅದಕ್ಕೆ ಜಾಗವೇ ಇಲ್ಲ, ಗಾಳಿಯೇ ತೊಯ್ದಿರುತ್ತದೆ. ಆದರೆ ಒಂದು ಮಾತು ಒಪ್ಪಬೇಕು. ಎರಡು ದಿನ ತಿರುಗಾಡಿದರೂ ನನ್ನ ಬಿಳಿ ಧೋತರದ ಅಂಚು ಬಿಳಿಯೇ ಇತ್ತು. ನನಗೆ ಇದರಿಂದ ಸ್ವಲ್ಪ ಮುಜುಗರವೇ ಆಯಿತು, ಎಲ್ಲಿಯೂ ಹೋಗದೆ ಕೂತವನಂತೆ.

ಅವಳ ಕೆಲಸದ ಕೋಣೆ ಒಂದು ಕಟ್ಟಡದ ತಾರಸಿಯ ಮೇಲಿತ್ತು. ಅಲ್ಲಿಂದ ತೆಂಗಿನ ತಲೆಗಳ ಆಚೆ ಕಡಲಿನ ಒಂದು ಗೆರೆ ಕಾಣುತ್ತಿತ್ತು. ಗೋಡೆಯಲ್ಲಿ ತೂತು ಕೊರೆದು ಉಕ್ಕಿನ ಕೊಳವೆಯೊಂದನ್ನು ಹೊರಗೆ ಬಿಟ್ಟಿದ್ದರು. ಮಳೆ ನೀರು ನುಗ್ಗಬಾರದೆಂದು ಅದರ ಬಾಯಿಗೊಂದು ಟೊಪ್ಪಿಗೆ. ಹೊರಗಿನ ಗಾಳಿಯನ್ನು ಹೀರಿ ಒಳಗಿನ ಯಂತ್ರಗಳಿಗೆ ಒಪ್ಪಿಸುವುದು ಆ ಕೊಳವೆಯ ಕೆಲಸ. ಕೋಣೆಗೆ ಏಸಿ. ಒಳಗೆ ತಲೆ ಹಿಡಿಯುವಂಥ ಒಂದು ಘಾಟು. ಅದು ಬ್ಯೂಟನಾಲ್, ಮದ್ಯಸಾರದ ಜಾತಿಯದು ಎಂದಳು. ಈ ಹೊಸ ಕಣಗಳು ಎಷ್ಟು ಚಿಕ್ಕವೆಂದರೆ ಬೆಳಕಿಗೂ ಅವುಗಳ ಮೇಲೆ ಬಿದ್ದು ಚದುರುವುದು ಗೊತ್ತಾಗುವುದಿಲ್ಲ. ಅದಕ್ಕೆ ಯಂತ್ರ ಅವುಗಳನ್ನು ಬ್ಯೂಟನಾಲಿನ ಆವಿ ತುಂಬಿದ ಕೊಠಡಿಗೆ ಕಳಿಸಿ, ತಂಪು ಮಾಡುತ್ತದೆ. ಆವಿ ಒಂದೊಂದು ಕಣದ ಮೇಲೂ ಕೂತು ಅದನ್ನು ಕಾಣುವಷ್ಟು ದೊಡ್ಡ ಹನಿ ಮಾಡುತ್ತದೆ. ಆ ಹನಿಗಳು ಒಂದರ ಹಿಂದೊಂದು ಲೇಸರ್ ಬೆಳಕು ದಾಟುವಾಗ ಎಣಿಕೆ. ಬೆಳಗಿನಿಂದ ರಾತ್ರಿಯವರೆಗೆ ಮದ್ಯಸಾರ ಕುಡಿದೂ ಲೆಕ್ಕ ತಪ್ಪದವರನ್ನು ಗಂಜಿನಲ್ಲಿ ನಾನು ಒಬ್ಬರನ್ನೂ ಕಂಡಿರಲಿಲ್ಲ. ಯಂತ್ರಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ಈ ಉಪಾಯ ಹೊಸದಲ್ಲ. ಸ್ಕಾಟ್‌ಲೆಂಡಿನ ಫಾಲ್‌ಕಿರ್ಕ್ ಎಂಬ ಊರಿನ ಜಾನ್ ಐಟ್ಕನ್ 1880ರ ದಶಕದಲ್ಲೇ ಒಂದು ಡಬ್ಬಿ ಮಾಡಿಕೊಂಡಿದ್ದ. ಒದ್ದೆ ಗಾಳಿಯನ್ನು ಅದರೊಳಗೆ ತಟ್ಟನೆ ಹಿಗ್ಗಿಸಿ ತಣಿಸಿದರೆ ಪ್ರತಿ ಕಣದ ಮೇಲೂ ಮಂಜಿನ ಹನಿ ಕಟ್ಟುತ್ತಿತ್ತು. ಹನಿಗಳು ಕೆಳಗಿನ ಗಾಜಿನ ಮೇಲೆ ಬಿದ್ದಾಗ ಭೂತಗನ್ನಡಿ ಹಿಡಿದು ಎಣಿಸುತ್ತಿದ್ದ. ಯಾವ ಗುಮಾಸ್ತನೂ ಮೆಚ್ಚುವ ಕೆಲಸ. ಡಬ್ಬಿ ಹೊತ್ತುಕೊಂಡು ಪೇಟೆ, ಕಡಲದಂಡೆ, ಬೆಟ್ಟದ ತುದಿ ಎನ್ನದೆ ತಿರುಗಿದ. 100 ನ್ಯಾನೋಮೀಟರಿಗಿಂತ ಚಿಕ್ಕ ಕಣಗಳಿಗೆ ವಿಜ್ಞಾನಿಗಳು ಇವತ್ತಿಗೂ ಅವನ ಹೆಸರನ್ನೇ ಹಿಡಿಯುತ್ತಾರೆ. ಧೂಳಿನಿಂದ ಹೆಸರು ಉಳಿಸಿಕೊಂಡವನು! ನಮ್ಮಲ್ಲಿ ಎಷ್ಟು ಜನರ ಹೆಸರು ಧೂಳಿನಡಿ ಹೋಗಿದೆ ಎಂದು ಖಾಸ್ ಬಾವಿಯ ಸುತ್ತ ಇರುವ ಹಳೇ ಕಲ್ಲುಗಳನ್ನು ಕೇಳಬೇಕು.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಪರದೆಯ ಮುಂದೆ ಕೂಡಿಸಿದಳು. ಅಡ್ಡಕ್ಕೆ ಹೊತ್ತು, ಉದ್ದಕ್ಕೆ ಕಣದ ಗಾತ್ರ, ಎಷ್ಟಿವೆ ಎನ್ನುವುದಕ್ಕೆ ಬಣ್ಣ. ಬಿಸಿಲೇರಿದಂತೆ ತಳದಲ್ಲಿ ಹಳದಿ ಕೆಂಪಿನ ಒಂದು ಮಚ್ಚೆ ಎದ್ದಿತು. ಹೊತ್ತು ಹೋದಂತೆ ಅದು ಬಲಕ್ಕೆ ಬಾಗುತ್ತ ಮೇಲೇರಿತು. ಗಂಟೆಗೆ ಕೆಲವೇ ನ್ಯಾನೋಮೀಟರಿನ ಬೆಳವಣಿಗೆ. ಸಂಜೆಯ ಹೊತ್ತಿಗೆ ಐವತ್ತರ ಹತ್ತಿರ. ಪೂರ್ತಿ ಆದಾಗ ಪರದೆಯ ಮೇಲೆ ಒಂದು ಬಾಳೆಹಣ್ಣು ಮಲಗಿತ್ತು. "ಇದಕ್ಕ ಎಲ್ಲಾ ದೇಶದಾಗೂ ಬನಾನಾ ಅಂತನ ಕರೀತಾರ ಕಾಕಾ" ಎಂದಳು. ಫಿನ್ಲೆಂಡಿನ ಹ್ಯುಟಿಯಾಲಾ ಎಂಬ ಕಾಡಿನಲ್ಲಿ 1996ರಿಂದ ದಿನಾ ಬಿಡದೆ ಈ ಹಣ್ಣಿಗಾಗಿ ಕಾದು ಕೂತವರಿದ್ದಾರಂತೆ. ಎಲ್ಲ ದಿನವೂ ಸಿಗುವುದಿಲ್ಲ. ಮೋಡವಿದ್ದರೆ ಇಲ್ಲ, ಗಾಳಿ ಹೊಗೆಯಿಂದ ಗಟ್ಟಿಯಾಗಿದ್ದರೂ ಬಹುಮಟ್ಟಿಗೆ ಇಲ್ಲ. ಮಳೆ ಬಂದು ತೊಳೆದು, ಮರುದಿನ ಚೊಕ್ಕ ಬಿಸಿಲು ಬಿದ್ದರೆ ಒಳ್ಳೇ ಬೆಳೆ. ಸಿಕ್ಕ ದಿನ ಅವಳು ಅದರ ಚಿತ್ರವನ್ನು ವಾಟ್ಸಾಪಿನಲ್ಲಿ ಮನೆಗೆ ಕಳಿಸುತ್ತಾಳೆ. ಅತ್ತಿಗೆ ಅದನ್ನು ಜ್ವರದ ರಿಪೋರ್ಟೆಂದು ತಿಳಿದು ಒಮ್ಮೆ ಅತ್ತದ್ದೂ ಉಂಟು.

ಹುಟ್ಟಿಗೆ ಮೂಲ ಯಾವುದು ಎಂದರೆ, ಮೊದಲ ಹೆಸರು ಗಂಧಕ. ಪಣಂಬೂರಿನ ಬಂದರಿಗೆ ಬರುವ ಹಡಗುಗಳ ಎಣ್ಣೆ, ಕಲ್ಲಿದ್ದಲು, ಲಾರಿಯ ಡೀಸೆಲ್, ಎಲ್ಲದರಲ್ಲೂ ಅದಿದೆ. ಕಡಲೂ ಬಿಡುತ್ತದೆ: ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಿಂದ ಗಂಧಕ ಸೇರಿದ ಒಂದು ಆವಿ ಏಳುತ್ತದೆ. ಬಿಸಿಲಿನ ದೆಸೆಯಿಂದ ಇವೆಲ್ಲ ಗಾಳಿಯಲ್ಲೇ ಗಂಧಕಾಮ್ಲವಾಗುತ್ತವೆ. ಎಷ್ಟು? ಒಂದು ಘನ ಸೆಂಟಿಮೀಟರ್ ಗಾಳಿಯಲ್ಲಿ ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿದ್ದರೆ, ಅದರೊಳಗೆ ಈ ಆಮ್ಲದ ಅಣುಗಳು ನಡುಹಗಲಲ್ಲಿ ಹತ್ತು ಲಕ್ಷದಿಂದ ಒಂದು ಕೋಟಿ. ನನ್ನ ಖಾತೆಯಲ್ಲಾಗಿದ್ದರೆ ಇಂಥದ್ದನ್ನು ಬಟವಾಡೆಗೆ ಹಿಡಿಯದೆ ಸೊನ್ನೆಗೆ ತಿರುಗಿಸುತ್ತಿದ್ದೆ. ಕಣ ಹುಟ್ಟುವುದಕ್ಕೆ ಅಷ್ಟೇ ಸಾಕು. 2020ರ ಜನವರಿ 1ರಿಂದ ಹಡಗಿನ ಎಣ್ಣೆಯಲ್ಲಿ ಗಂಧಕ 3.5 ಶೇಕಡಾ ಇದ್ದದ್ದು 0.5ಕ್ಕೆ ಇಳಿಯಬೇಕೆಂದು ಲೋಕಕ್ಕೆಲ್ಲ ಕಾನೂನಾಯಿತು. ಕಡಲು ಮಾತ್ರ ಯಾರ ಕಾನೂನನ್ನೂ ಕೇಳದೆ ತನ್ನ ಪಾಲು ಕೊಡುತ್ತಲೇ ಇದೆ.

ಆಮ್ಲವೊಂದೇ ಸಾಲದು, ಅದನ್ನು ಹಿಡಿದು ಕೂಡಿಸುವ ಕ್ಷಾರವೂ ಬೇಕು. ಇದನ್ನು ಬಗೆಹರಿಸಲು ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ 26 ಘನ ಮೀಟರಿನ ಉಕ್ಕಿನ ಹಂಡೆ ನಿಲ್ಲಿಸಿ, ಅದರೊಳಗೆ ಗಾಳಿಯನ್ನು ಚೊಕ್ಕಟ ಮಾಡಿ, ಒಂದೊಂದೇ ಆವಿ ಬಿಟ್ಟು 2009ರಿಂದ ನೋಡುತ್ತಿದ್ದಾರೆ. ಆಮ್ಲದ ಜೊತೆ ಅಮೋನಿಯ ಸೇರಿದರೆ ಹುಟ್ಟು ಹೆಚ್ಚುತ್ತದೆ, ಆದರೆ ನೆಲಮಟ್ಟದ ಗಾಳಿಯಲ್ಲಿ ಕಾಣುವಷ್ಟು ಅಲ್ಲವೆಂದು 2011ರಲ್ಲಿ ತಿಳಿಯಿತು. ಅಮೋನಿಯದ ದಾಯಾದಿಗಳಾದ ಅಮೈನುಗಳು ಲಕ್ಷ ಕೋಟಿಗೆ ಬೆರಳೆಣಿಕೆಯಷ್ಟು ಸೇರಿದರೂ ಹುಟ್ಟು ಎಷ್ಟೋ ಪಟ್ಟು ಏರುತ್ತದೆಂದು 2013ರಲ್ಲಿ. ಅಮೋನಿಯ ಎಲ್ಲಿಂದ? ಗದ್ದೆಗೆ ಚೆಲ್ಲುವ ಯೂರಿಯಾದಿಂದ, ದನದ ಕೊಟ್ಟಿಗೆಯಿಂದ. ಅಮೈನು? ಕೊಟ್ಟಿಗೆಯಿಂದಲೂ ಉಂಟು; ಮತ್ತೊಂದು ಕಡೆಯಿಂದಲೂ ಉಂಟು, ಬರ್ರಿ ತೋರಸ್ತೀನಿ ಅಂತ ಕರೆದುಕೊಂಡು ಹೋದಳು.

ಕರೆದುಕೊಂಡು ಹೋದದ್ದು ಬಂದರಿನ ದಕ್ಕೆಗೆ. ದೋಣಿಗಳಿಂದ ಬುಟ್ಟಿಬುಟ್ಟಿ ಮೀನು ಇಳಿಯುತ್ತಿತ್ತು, ಹೆಂಗಸರು ತುಳುವಿನಲ್ಲಿ ದರ ಕೂಗುತ್ತಿದ್ದರು, ಕಾಲ ಕೆಳಗೆ ಮಂಜುಗಡ್ಡೆಯ ನೀರು. ಲಿಂಗ ಕಟ್ಟಿಕೊಂಡ ನಾನು ದಸ್ತಿಯನ್ನು ನಾಲ್ಕು ಮಡಿಕೆ ಮಾಡಿ ಮೂಗಿಗೆ ಒತ್ತಿ ಹಿಡಿದೆ. "ಇದ ನೋಡ್ರಿ ಅಮೈನು, ಮೀನಿನ ವಾಸನಿ ಅಂದ್ರ ಇದನ" ಎಂದು ಅವಳು ಗುರುಗಳು ಪ್ರಸಾದ ಕೊಡುವ ಧಾಟಿಯಲ್ಲಿ ಹೇಳಿದಳು. ಹರಾಜಿನ ಬಾಯಿಗಳನ್ನು ಮಾತ್ರ ನಾನು ಮೆಚ್ಚಿದೆ. ಗಂಜಿನಲ್ಲಿ ಟವಲಿನಡಿ ಬೆರಳು ಹಿಡಿದು ಗುಟ್ಟಾಗಿ ಮಾಡುತ್ತಿದ್ದುದನ್ನು ಇಲ್ಲಿ ಆಕಾಶಕ್ಕೆ ಕೇಳುವಂತೆ ಮಾಡುತ್ತಾರೆ. ಐರ್ಲೆಂಡಿನ ಮೇಸ್ ಹೆಡ್ ಎಂಬ ದಂಡೆಯಲ್ಲಂತೂ ಇಳಿತಕ್ಕೆ ಬಯಲಾದ ಕಡಲಪಾಚಿಯಿಂದ ಅಯೋಡಿನ್ ಎದ್ದು, ಅದರಿಂದಲೇ ಕಣಗಳು ಹುಟ್ಟಿ ಮೊರೆಯುತ್ತವಂತೆ. ನಾವು ಉಪ್ಪಿನ ಪ್ಯಾಕೆಟಿನ ಮೇಲೆ ಓದುವ ಅಯೋಡಿನ್ನೇ.

ಇಷ್ಟೆಲ್ಲ ಕೇಳಿ ನಾನು ಗಂಜಿನವನ ಪ್ರಶ್ನೆಯನ್ನೇ ಕೇಳಿದೆ: ದಿನಕ್ಕೆ ಎಷ್ಟು ಮಾಲು ಆಗುತ್ತದೆ? ಒಂದು ಘನ ಸೆಂಟಿಮೀಟರಿನಲ್ಲಿ ಒಳ್ಳೇ ದಿನ ಹತ್ತಾರು ಸಾವಿರ ಎಂದಳು. ತೂಕ? ಇಲ್ಲವೇ ಇಲ್ಲ ಎನ್ನಿ ಎಂದಳು. 10 ಮೈಕ್ರೋಮೀಟರಿನ ಒಂದೇ ಒಂದು ಮಣ್ಣಿನ ಕಣವನ್ನು ತಕ್ಕಡಿಯ ಈ ಕಡೆ ಇಟ್ಟರೆ, ಆ ಕಡೆ 10 ನ್ಯಾನೋಮೀಟರಿನ ಕಣಗಳು ನೂರು ಕೋಟಿ ಬೇಕು. ನನ್ನ ಎದೆ ಝಲ್ಲೆಂದಿತು. ಜೀವಮಾನವೆಲ್ಲ ಕ್ವಿಂಟಾಲಿನಲ್ಲಿ ಬದುಕಿದವನು ನಾನು. ನಮ್ಮ ದೇಶದ ಗಾಳಿಯ ಗುಣಮಟ್ಟದ ಕಾನೂನೂ ನನ್ನಂಥ ಗುಮಾಸ್ತನೇ ಬರೆದಂತಿದೆ. 2009ರಲ್ಲಿ ನಿಗದಿಯಾದ ಮಿತಿಗಳು ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂದು ತೂಕದಲ್ಲೇ ಇವೆ: ವರ್ಷದ ಸರಾಸರಿ 10 ಮೈಕ್ರೋಮೀಟರಿನೊಳಗಿನ ಕಣಕ್ಕೆ 60, ಎರಡೂವರೆಯೊಳಗಿನದಕ್ಕೆ 40. ತಲೆ ಎಣಿಸುವ ಕಾಲಮ್ಮೇ ಅದರಲ್ಲಿಲ್ಲ. ಹೊಸದಾಗಿ ಹುಟ್ಟಿದವು, ಪುಪ್ಪುಸದ ಕೊನೇ ಓಣಿಯವರೆಗೆ ನುಗ್ಗಬಲ್ಲವು, ತಕ್ಕಡಿಯ ಮುಳ್ಳನ್ನು ಒಂದು ಕೂದಲೂ ಅಲುಗಿಸದೆ ದಾಟಿಬಿಡುತ್ತವೆ.

ಹುಟ್ಟಿದವೆಲ್ಲ ಉಳಿಯುತ್ತವೆಯೇ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು ನನ್ನನ್ನು ಊರಿಗೆ ಬರುವ ದಾರಿಯುದ್ದಕ್ಕೂ ಬಿಡಲಿಲ್ಲ. ಗಾಳಿಯಲ್ಲಿ ಮೊದಲೇ ದೊಡ್ಡ ಕಣಗಳು ತುಂಬಿದ್ದರೆ, ಅದರಲ್ಲೂ ಒಲೆಯ ಹೊಗೆ, ಲಾರಿಯ ಹೊಗೆ, ಹೊಟ್ಟು ಸುಟ್ಟ ಹೊಗೆಯಂಥವು, ಆವಿಯೆಲ್ಲ ಹೋಗಿ ಅವುಗಳ ಮೈಮೇಲೇ ಕೂರುತ್ತದೆ; ಹೊಸ ಕಣ ಕಟ್ಟಲು ಆವಿಯೇ ಉಳಿಯುವುದಿಲ್ಲ. ಹೇಗೋ ಹುಟ್ಟಿದ ಎರಡು ನ್ಯಾನೋಮೀಟರಿನ ಕೂಸು ಅತ್ತಿಂದಿತ್ತ ಓಡಾಡುತ್ತ ಯಾವುದೋ ದೊಡ್ಡದಕ್ಕೆ ಡಿಕ್ಕಿ ಹೊಡೆದು ಅದರೊಳಗೇ ಲೀನ. ಬೇಗ ಬೆಳೆದು ದಪ್ಪಗಾದರಷ್ಟೇ ಪಾರು.

ಮಾನ್ವಿಯ ನಮ್ಮ ಹಳೇ ಮಾಳಿಗೆ ಮನೆ ಎಂದರೆ ಇದೇ. ಆ ಪಡಸಾಲೆಯಲ್ಲಿ ಅಜ್ಜ, ಅಜ್ಜನ ತಮ್ಮಂದಿರು, ಇಬ್ಬರು ಸೋದರತ್ತೆಯರು, ಯಾವಾಗ ಬಂದರೋ ಯಾರಿಗೂ ನೆನಪಿಲ್ಲದ ಒಬ್ಬ ಬೀಗರು, ಇಷ್ಟು ಜನ ಗೋಡೆಗೆ ಆತು ಕೂತಿರುತ್ತಿದ್ದರು. ನಮ್ಮ ಸಣ್ಣ ಕಾಕಾ ಒಮ್ಮೆ ರೇಡಿಯೋ ರಿಪೇರಿ ಅಂಗಡಿ ಹಾಕುತ್ತೇನೆಂದು ಬೆಳಗಿನ ಚಹಾದ ಹೊತ್ತಿಗೆ ಬಾಯಿ ತೆಗೆದ. ಅಜ್ಜ, "ಹಾಕಪ್ಪ, ಆದ್ರ ಮೊದಲ ನೆಲ್ಲು ಕೊಯ್ಲು ಮುಗೀಲಿ" ಅಂದರು. ದೊಡ್ಡ ಸೋದರತ್ತೆ, "ಹಾಕು, ಮೊದಲ ನಿನ್ನ ಲಗ್ನ ಆಗಲಿ" ಅಂದಳು. ಬೀಗರು ಅಂಗಡಿಗೆ ಯಾವ ದಿಕ್ಕಿನ ಬಾಗಿಲು ಒಳ್ಳೆಯದೆಂದು ಹೇಳತೊಡಗಿದರು. ಎಲ್ಲರೂ ಪ್ರೀತಿಯಿಂದಲೇ ಹೇಳಿದ್ದು. ಒಬ್ಬರೂ ಬೇಡ ಅನ್ನಲಿಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ರೇಡಿಯೋ ಅಂಗಡಿ ಅಜ್ಜನ ಭತ್ತದ ವ್ಯವಹಾರದಲ್ಲಿ ಕರಗಿ, ಸಂಜೆಗೆ ಕಾಕಾ ಟ್ರ್ಯಾಕ್ಟರಿನ ಡೀಸೆಲ್ ತರಲು ಹೋಗಿದ್ದ. ಆಮೇಲೆ ಅವನ ಬಾಯಲ್ಲಿ ರೇಡಿಯೋ ಬಂದದ್ದು ಕ್ರಿಕೆಟ್ ಸ್ಕೋರ್ ಕೇಳಲಿಕ್ಕೆ ಮಾತ್ರ.

ಇದನ್ನು ಫೋನಿನಲ್ಲಿ ಹೇಳಿದೆ. ನನ್ನ ಹೋಲಿಕೆಯನ್ನು ಒಪ್ಪಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. "ಹೌದು ಕಾಕಾ, ಆದ್ರ ಆ ಆವಿ ಎಲ್ಲೂ ಹೋಗಂಗಿಲ್ಲ. ನುಂಗಿದವರ ಮೈ ಬೆಳೀತದ. ನಿಮ್ಮ ಅಜ್ಜಾರು ದಪ್ಪ ಆದ್ರು ಅನ್ನೂದನ್ನೂ ಲೆಕ್ಕಕ್ಕ ಹಿಡೀರಿ" ಎಂದಳು. ಅಜ್ಜ ದಪ್ಪಗಿದ್ದದ್ದು ನಿಜ. ದಿಲ್ಲಿ, ಬೀಜಿಂಗಿನಂಥ ಹೊಗೆಯ ಊರುಗಳಲ್ಲೂ ಹೊಸ ಕಣ ಹುಟ್ಟುತ್ತವೆ ಎಂದು ಇನ್ನೊಂದು ಸೇರಿಸಿದಳು. ಅಲ್ಲಿ ಆವಿ ಎಷ್ಟು ದಟ್ಟವೆಂದರೆ ನುಂಗುವವರ ನಡುವೆಯೇ ಕೆಲವು ತಪ್ಪಿಸಿಕೊಂಡು ಬೆಳೆದುಬಿಡುತ್ತವೆ. ಮಂಗಳೂರಿನಲ್ಲೂ ಕಡಲ ಗಾಳಿ ಯಾವಾಗಲೂ ಪುಣ್ಯವಂತನಲ್ಲ. ರಾತ್ರಿ ಘಟ್ಟದ ಕಡೆಯಿಂದ ಬೀಸಿದ ಗಾಳಿ ಊರ ಹೊಗೆಯನ್ನು ನೀರ ಮೇಲೆ ಒಯ್ದಿಡುತ್ತದೆ. ಹಗಲು ದಿಕ್ಕು ಬದಲಾದಾಗ ಕಡಲು ಕೆಲವೊಮ್ಮೆ ಅದನ್ನೇ ವಾಪಸು ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಹೀಗೆ ನನ್ನ ಸಿದ್ಧಾಂತದ ಒಂದೊಂದೇ ಇಟ್ಟಿಗೆ ತೆಗೆದು ಕೊನೆಗೆ, "ಆದ್ರೂ ರೇಡಿಯೋ ಕಾಕಾನ ಕತಿ ಛಲೋ ಐತಿ" ಎಂದಳು.

ಅವಳು ಬಿಟ್ಟರೂ ನಾನು ಆ ಹೋಲಿಕೆಯನ್ನು ಬಿಡಲಿಲ್ಲ. ಮಂಗಳೂರಿನ ಬಸ್ ನಿಲ್ದಾಣದಲ್ಲಿ ಕಂಡದ್ದು ಕಣ್ಣಲ್ಲಿತ್ತು. ಬೆಳಗಿನ ಜಾವ ನಮ್ಮ ಕಡೆಯ ಬಸ್ಸಿನಿಂದ ಇಳಿದವರೆಲ್ಲ ಗಂಟು, ಕೊಡ, ಮಡಚಿದ ಕೌದಿ, ಕಂಕುಳಲ್ಲಿ ಮಗು. ದೇವದುರ್ಗ, ಲಿಂಗಸೂಗೂರು, ಮಾನ್ವಿ ಕಡೆಯವರು. ಕಾಲುವೆ ನೀರು ಮುಟ್ಟದ ಹೊಲದವರು, ಹೊಲವೇ ಇಲ್ಲದವರು. ಸುಗ್ಗಿ ಮುಗಿದರೆ ಗುಳೆ. ಬೆಂಗಳೂರು, ಪುಣೆ, ಮುಂಬೈ, ಗೋವಾ, ಮಂಗಳೂರು. ಕಟ್ಟಡವೊಂದರ ಬುಡದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಗೌಂಡಿಯೊಬ್ಬನನ್ನು ಮಾತಾಡಿಸಿದೆ. ದೇವದುರ್ಗ ತಾಲ್ಲೂಕಿನವನು. "ಯಪ್ಪಾ, ಊರಿಗೆ ಯಾವಾಗ?" ಎಂದರೆ, "ಜಾತ್ರಿಗೆ ಹೊಕ್ಕೀವ್ರಿ" ಅಂದ. ಅವನ ಮಗ, ಐದಾರು ವರ್ಷದವನು, ನನ್ನ ದಸ್ತಿಯನ್ನೂ ಧೋತರವನ್ನೂ ನೋಡಿ, "ಅಜ್ಜನಿಗೆ ಎಂತ ಬೇಕಂತೆ?" ಎಂದು ಅಪ್ಪನನ್ನು ಕೇಳಿದ. ಅಪ್ಪ ನಾಚಿ ನಕ್ಕ, ನನಗೂ ನಗು ಬಂತು. ಹುಡುಗ ಸಿಮೆಂಟ್ ಚೀಲ ಹರಿದು ಮಾಡಿದ ಗಾಳಿಪಟ ಹಿಡಿದು ತುಳುವಿನಲ್ಲಿ ಯಾರನ್ನೋ ಕರೆಯುತ್ತ ಓಡಿದ. ಅವನ ತಲೆ ಯಾವ ತಾಲ್ಲೂಕಿನ ಜನಗಣತಿಯಲ್ಲಿ ಎಣಿಕೆಯಾಗುತ್ತದೋ.

ನಮ್ಮಲ್ಲಿ ಹುಟ್ಟಿಗೆ ಬೇಕಾದ ಸಾಮಾನಿಗೆ ಬರವಿಲ್ಲ ಎನ್ನುವುದು ಈ ಕತೆಯ ಇನ್ನೊಂದು ತುಂಡು. ಶಕ್ತಿನಗರದ ವಿದ್ಯುತ್ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಇವತ್ತು ಎಂಟು ಘಟಕ, ಒಟ್ಟು 1,720 ಮೆಗಾವ್ಯಾಟ್. ಸಿಂಗರೇಣಿಯಿಂದ ರೈಲುಗಟ್ಟಲೆ ಬರುವ ಕಲ್ಲಿದ್ದಲಿನಲ್ಲಿ ಬೂದಿ ಹೆಚ್ಚು, ಗಂಧಕ ಕಡಿಮೆ. ಆದರೆ ಕಡಿಮೆ ಎನ್ನುವುದನ್ನು ಅಷ್ಟು ರೈಲುಗಳಿಂದ ಗುಣಿಸಬೇಕು. ಚಿಮಣಿಯಲ್ಲಿ ಬೂದಿ ಹಿಡಿಯುವ ಯಂತ್ರವಿದ್ದರೂ ಗಂಧಕದ ಅನಿಲ ಅದರ ಕೈಗೆ ಸಿಗುವುದಿಲ್ಲ. ಅದಕ್ಕೂ ಮಿತಿ ಹಾಕಿ ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ದೇಶದ ಕೇಂದ್ರಗಳಿಗೆಲ್ಲ ಆದೇಶ ಹೊರಡಿಸಿತು; ಗಡುವು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೆ ಹೋಗುತ್ತ ಬಂತು. ಇನ್ನು ಬಿಸಿಲು ನಮ್ಮದೇ. ಯೂರಿಯಾ ಮಾನ್ವಿಯ ಗದ್ದೆಗಳಲ್ಲಿ ಚೀಲಗಟ್ಟಲೆ. ಎಮ್ಮೆ ಅಣ್ಣನ ಕೊಟ್ಟಿಗೆಯಲ್ಲೇ ಇದೆ. ಆಮ್ಲ ಉಂಟು, ಕ್ಷಾರ ಉಂಟು, ಸೂರ್ಯ ಉಂಟು. ಜೊತೆಗೆ ನುಂಗಲು ಹಳಬರೂ ಉಂಟು. ಯಾವುದು ಗೆಲ್ಲುತ್ತದೆ ಎಂದು ಹೇಳುವ ಯಂತ್ರ ನಮ್ಮ ಮಾಳಿಗೆಗಳ ಮೇಲಿಲ್ಲ.

ಮಳೆಯ ಮಾತು ಬಂದದ್ದು ಅಣ್ಣನಿಂದ. ಮೋಡದ ಪ್ರತಿ ಹನಿಯೂ ಒಂದು ಕಣವನ್ನು ಬೀಜ ಮಾಡಿಕೊಂಡೇ ಕಟ್ಟುವುದು. ಐವತ್ತು ನೂರು ನ್ಯಾನೋಮೀಟರಿಗೆ ಬೆಳೆದದ್ದು ಬೀಜಕ್ಕೆ ಬರುತ್ತದೆ. ಲೋಕದ ಮೋಡಬೀಜಗಳಲ್ಲಿ ಸುಮಾರು ಅರ್ಧ ಹೀಗೆ ಗಾಳಿಯಲ್ಲೇ ಹುಟ್ಟಿ ಬೆಳೆದವೆಂದು ಲೆಕ್ಕ. ಇದನ್ನು ಮಗಳ ಬಾಯಿಂದ ಕೇಳಿದ ಅಣ್ಣ ಎದ್ದು ಕೂತ. "ಹಂಗಾದ್ರ ನಮ್ಮಲ್ಲಿ ಇಷ್ಟು ಧೂಳಿದ್ರೂ ಮಳಿ ಯಾಕಿಲ್ಲ?" ನ್ಯಾಯವಾದ ಪ್ರಶ್ನೆ. ಬೀಜವಿದ್ದರೆ ಸಾಲದು, ಮೋಡಕ್ಕೆ ತೇವ ಬೇಕು. ಪಶ್ಚಿಮ ಘಟ್ಟದವರು ತಮ್ಮ ಪಾಲು ತೆಗೆದುಕೊಂಡು ಉಳಿದದ್ದನ್ನು ನಮಗೆ ಕಳಿಸುತ್ತಾರೆ. ಬೀಜ ಅತಿಯಾದರೆ ಇನ್ನೂ ಕಷ್ಟ: ಇದ್ದಷ್ಟೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗಿ ಯಾವ ಹನಿಗೂ ಕೆಳಗೆ ಬೀಳುವ ಭಾರ ಬರುವುದಿಲ್ಲ. ಅಣ್ಣನಿಗೆ ಮೋಡ ಬಿತ್ತನೆಯ 2003ರ ವರುಣ ಯೋಜನೆಯೂ ನೆನಪಿದೆ, 2017ರ ವರ್ಷಧಾರೆಯೂ ನೆನಪಿದೆ. ಉಪ್ಪು, ಬೆಳ್ಳಿಯ ಅಯೋಡೈಡು ಹೊತ್ತ ವಿಮಾನ ಮೋಡ ಹುಡುಕಿಕೊಂಡು ತಿರುಗಿದ 2017ರಲ್ಲಿ ಸುರಪುರದಲ್ಲಿ ಅದಕ್ಕಾಗಿ ರಾಡಾರ್ ನಿಲ್ಲಿಸಿದ್ದರು. ಊರ ಹುಡುಗರು ಮೋಡ ಬಿಟ್ಟು ವಿಮಾನ ನೋಡಿದರು. "ಮ್ಯಾಲಿಂದ ಬೀಜ ಒಗೆಯೋ ಬದಲು ಕೆಳಗಿಂದ ಬೆಳಸಿದ್ರ ಅಗ್ಗ ಆಗ್ತಿತ್ತೇನೋ" ಎಂದು ಅಣ್ಣ ಈಗ ಹೇಳುತ್ತಾನೆ. ಬೆಳೆಸುವುದು ಎಂದರೆ ಅವನಿಗೆ ಯೂರಿಯಾ ಒಂದೇ ಗೊತ್ತು. ಇನ್ನೆರಡು ಚೀಲ ಹೆಚ್ಚು ಹಾಕಲೋ ಎಂದ. ಮಗಳು ಗಾಬರಿಯಾಗಿ, ಬ್ಯಾಡಪ್ಪಾ, ನೆಲ್ಲು ಮಲಗತದ ಅಂದಳು. ಸಂಶೋಧನೆಗೆ ಹೋದರೂ ಒಕ್ಕಲಿಗರ ಮಗಳು.

ಈಗ ಯುಗಾದಿಗೆ ಬಂದವಳು ಹೊಸದೊಂದು ತಂದಿದ್ದಾಳೆ. ಕಡಲದಂಡೆಯ ಲೆಕ್ಕದ ಎದುರಿಗೆ ಇಡಲು ಒಳನಾಡಿನದೊಂದು ಲೆಕ್ಕ ಬೇಕಂತೆ. ಬರುವ ಚಳಿಗಾಲಕ್ಕೆ ಒಂದು ಯಂತ್ರ ಮಾನ್ವಿಯ ಮಾಳಿಗೆಯ ಮೇಲೆ ಇಡುತ್ತಾಳಂತೆ. ನಮ್ಮ ಮನೆಯಾಕೆ ಅದನ್ನು ರಾಯಚೂರಿನ ನಮ್ಮ ಮನೆಗೇ ತರಲಿ ಎಂದಳು, ಆದರೆ ದಿನಕ್ಕೆರಡು ಸಲ ಒರೆಸಿಯೇ ತೀರುವುದಾಗಿಯೂ ಹೇಳಿದ್ದರಿಂದ ಅದು ಅಲ್ಲಿಗೇ ಬಿತ್ತು. ಮಾನ್ವಿಯೇ ಸರಿ. ಮಂಗ ಬಂದು ಕೊಳವೆಯ ಟೊಪ್ಪಿಗೆ ಕಿತ್ತರೆ? ಅದಕ್ಕೆ ಜಾಳಿಗೆ. ಕರೆಂಟು ಹೋದರೆ? ಬ್ಯಾಟರಿ. ಅತ್ತಿಗೆ ಸೌದೆ ಒಲೆಯ ಮೇಲೆ ರೊಟ್ಟಿ ಸುಟ್ಟರೆ? ಹೊತ್ತು ಬರೆದಿಡಬೇಕು. ಇಲ್ಲಿಯವರೆಗೆ ಎಲ್ಲ ಸುಸೂತ್ರ. ಯಂತ್ರದ ಕೋಣೆಗೆ ಏಸಿ ಬೇಕು ಎಂದಾಗ ಅಣ್ಣ ಊಟದ ತಾಟಿನಿಂದ ಕೈ ತೆಗೆದ. ಎಪ್ಪತ್ತು ದಾಟಿದ ಅವನು ಇಂದಿಗೂ ಬೇಸಿಗೆಯಲ್ಲಿ ಮಾಳಿಗೆ ಮೇಲೆ ನೀರು ಚೆಲ್ಲಿ ಮಲಗುವವನು. "ನನಗಿಲ್ಲದ ಏಸಿ ಧೂಳಿಗೇನು?" ಎಂದ. ಧೂಳಿಗಲ್ಲಪ್ಪಾ, ಯಂತ್ರಕ್ಕೆ ಎಂದಳು. ಯಂತ್ರಕ್ಕೆ ಏಸಿ ಹಾಕಿದ ಕೋಣೆಯಲ್ಲಿ ತಾನೂ ಮಲಗುವುದಾದರೆ ಒಪ್ಪಿಗೆ ಎಂದ. ಬ್ಯೂಟನಾಲಿನ ವಾಸನೆಯಲ್ಲಿ ಮಲಗಬಾರದು ಎಂದಳು. ಈ ಮಧ್ಯೆ ಎಮ್ಮೆ ಮಾರುವ ಮಾತಿತ್ತು. ಅಮೋನಿಯದ ಲೆಕ್ಕ ಕೆಡುತ್ತದೆ, ಮಾರಬೇಡ ಎಂದು ಅದಕ್ಕೂ ತಡೆ. ಹಾಗಾದರೆ ಮೇವಿನ ಖರ್ಚು ಯೋಜನೆಯದು ಎಂದು ಅಣ್ಣ, ಅಂಥ ಹೆಡ್ಡು ಬಜೆಟ್ಟಿನಲ್ಲಿಲ್ಲ ಎಂದು ಮಗಳು. ಹಬ್ಬಕ್ಕೆ ಬಂದಿದ್ದ ದೇವದುರ್ಗದ ಮಾವನವರು ಇಷ್ಟೂ ಹೊತ್ತು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ ಸುಮ್ಮನಿದ್ದವರು, ಕೈ ತೊಳೆದುಕೊಂಡು ಬಂದು ಅವಳ ಪಕ್ಕದಲ್ಲಿ ಕೂತರು. "ಅದು ಬಿಡವ್ವಾ, ಆ ಬ್ಯೂಟನಾಲು ದಿನಕ್ಕ ಎಷ್ಟು ಹೋಗ್ತದ? ಲೀಟರ್‌ಗೆ ಹ್ಯಾಂಗ?"